ಮುಕ್ಕಾಲಿನಿಂದ ಭಾಗಿಸುವುದೆಂದರೇನು?

ಶಾಲೆಯಲ್ಲಿ ಕಲಿತ ಗಣಿತವನ್ನೆಲ್ಲ ಮರೆತವರು ಕೂಡ ಒಂದು ಸೂತ್ರವನ್ನು ಮರೆತಿರುವುದಿಲ್ಲ. ಭಿನ್ನರಾಶಿಯಿಂದ ಭಾಗಿಸಬೇಕಾಗಿ ಬಂದರೆ ಭಾಜಕವನ್ನು ತಲೆಕೆಳಗು ಮಾಡಿ ಗುಣಿಸಬೇಕು ಎಂಬುದೇ ಆ ಸೂತ್ರ. ಮಿಶ್ರ ಭಿನ್ನರಾಶಿಯಾಗಿದ್ದರೆ ಮೊದಲು ಅದನ್ನು ವಿಷಮ ಭಿನ್ನರಾಶಿಯಾಗಿ ಮಾಡಿಕೊಳ್ಳಬೇಕು; ಆಮೇಲೆ ಅದೇ ತಲೆಕೆಳಗು, ಅದೇ ಗುಣಾಕಾರ. ಉತ್ತರ ಬರುತ್ತದೆ, ಅಂಕವೂ ಬರುತ್ತದೆ. ಆದರೆ ಬಂದ ಉತ್ತರವು ಯಾವ ಪ್ರಶ್ನೆಗೆ ಉತ್ತರ ಎಂದು ಕೇಳಿದಾಗ ಹೆಚ್ಚಿನವರು ಮೌನ ತಾಳುತ್ತಾರೆ. ಸೂತ್ರ ಉಳಿದುಕೊಂಡಿತು, ಪ್ರಶ್ನೆ ಕಳೆದುಹೋಯಿತು.

ಇದು ನಮ್ಮವರ ದೌರ್ಬಲ್ಯ ಮಾತ್ರವೆಂದು ಯಾರೂ ಕುಗ್ಗಬೇಕಾಗಿಲ್ಲ. ಲಿಪಿಂಗ್ ಮಾ ಎಂಬ ವಿದುಷಿ 1999ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಅಮೆರಿಕದ 23 ಮಂದಿ ಮತ್ತು ಚೀನದ 72 ಮಂದಿ ಪ್ರಾಥಮಿಕ ಶಾಲಾ ಉಪಾಧ್ಯಾಯರನ್ನು ಪ್ರಶ್ನಿಸಿದ ವಿವರವಿದೆ. 1¾ನ್ನು ½ರಿಂದ ಭಾಗಿಸಿರಿ. ಈ ಭಾಗಾಕಾರಕ್ಕೆ ಹೊಂದುವಂಥ ಒಂದು ಕಥಾರೂಪದ ಲೆಕ್ಕವನ್ನೂ ಹೇಳಿರಿ ಎಂಬುದು ಪ್ರಶ್ನೆ. ಚೀನದವರೆಲ್ಲರೂ ಸರಿಯಾದ ಉತ್ತರವನ್ನು ತೆಗೆದರು. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸರಿಯಾದ ಕಥೆಯನ್ನೂ ಹೇಳಿದರು. ಅಮೆರಿಕದವರಲ್ಲಿ ಲೆಕ್ಕವನ್ನು ಪೂರ್ತಿಯಾಗಿ ಸರಿ ಮಾಡಿದವರು ಒಂಬತ್ತೇ ಮಂದಿ. ಅರ್ಥಕ್ಕೆ ಹೊಂದುವ ಕಥೆಯನ್ನು ಕಟ್ಟಿದವರು ಒಬ್ಬರೇ ಒಬ್ಬರು. ಅನೇಕರು ಒಂದೂಮುಕ್ಕಾಲು ಕಡುಬನ್ನು ಇಬ್ಬರಿಗೆ ಸಮನಾಗಿ ಹಂಚುವಂಥ ಕಥೆಯನ್ನು ಹೇಳಿದರು. ಅದು ಎರಡರಿಂದ ಭಾಗಿಸಿದಂತಾಯಿತೇ ಹೊರತು ಅರ್ಧದಿಂದ ಭಾಗಿಸಿದಂತಾಗಲಿಲ್ಲ. ‘ಅರ್ಧ ಮಾಡುವುದು’ ಬೇರೆ, ‘ಅರ್ಧದಿಂದ ಭಾಗಿಸುವುದು’ ಬೇರೆ. ಒಂದೂಮುಕ್ಕಾಲನ್ನು ಅರ್ಧ ಮಾಡಿದರೆ ಒಂದಕ್ಕೂ ಕಡಮೆಯಾದ ಏಳೆಂಟಾಂಶ ಬರುತ್ತದೆ. ಅರ್ಧದಿಂದ ಭಾಗಿಸಿದರೆ ಮೂರೂವರೆ ಬರುತ್ತದೆ.

ಈ ಗೊಂದಲದಿಂದ ಪರೀಕ್ಷೆಯಲ್ಲಿ ಎರಡು ಅಂಕ ಹೋದರೆ ಅಂಥ ನಷ್ಟವೇನೂ ಇಲ್ಲ. ಯಲಹಂಕದ ಕಡೆ ಐದು ಗುಂಟೆ ನೆಲ ಹೋದರೆ ನಷ್ಟವಿದೆ. ಅಲ್ಲಿಗೆ ಹೋಗುವ ಮುನ್ನ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಕುಳಿತು ವಿಷಯವನ್ನು ತಿಳಿಮಾಡಿಕೊಳ್ಳೋಣ.

ಪಾವಿನ ಉಪದೇಶ

ಲೀಟರು, ಕಿಲೋಗ್ರಾಮುಗಳು ಬಂದು ದಶಕಗಳೇ ಕಳೆದಿದ್ದರೂ ನಮ್ಮ ಅನೇಕ ಮನೆಗಳ ಅಕ್ಕಿಯ ಡಬ್ಬದಲ್ಲಿ ಪಾವು ಇನ್ನೂ ಉಳಿದುಕೊಂಡಿದೆ. ನಾಲ್ಕು ಪಾವು ಒಂದು ಸೇರು. ಡಬ್ಬದಲ್ಲಿ ಎರಡೂವರೆ ಸೇರು ಅಕ್ಕಿಯಿದೆಯೆಂದೂ ಮನೆಯವರ ಒಂದು ದಿನದ ಊಟಕ್ಕೆ ಮುಕ್ಕಾಲು ಸೇರು ಬೇಕೆಂದೂ ಇಟ್ಟುಕೊಳ್ಳಿ. ಅಕ್ಕಿ ಎಷ್ಟು ದಿನಕ್ಕೆ ಬಂದೀತು?

ಸೂತ್ರದ ಪ್ರಕಾರ 2½ ÷ ¾ ಎಂದು ಬರೆದು, 5/2 × 4/3 ಎಂದು ತಿರುವಿ, 10/3, ಅಂದರೆ 3⅓ ಎಂದು ಉತ್ತರ ತೆಗೆಯಬಹುದು. ಮನೆಯೊಡತಿ ಹಾಗೆ ಮಾಡುವುದಿಲ್ಲ. ಎರಡೂವರೆ ಸೇರೆಂದರೆ ಹತ್ತು ಪಾವು. ಮುಕ್ಕಾಲು ಸೇರೆಂದರೆ ಮೂರು ಪಾವು. ಹತ್ತರಲ್ಲಿ ಮೂರು ಮೂರಾಗಿ ತೆಗೆದರೆ ಮೂರು ದಿನವಾಗಿ ಒಂದು ಪಾವು ಉಳಿಯುತ್ತದೆ. ಆಕೆಯ ಬಾಯಲ್ಲಿ ಭಿನ್ನರಾಶಿಯ ಹೆಸರೇ ಬರಲಿಲ್ಲ. ಆದರೂ ಭಿನ್ನರಾಶಿಯ ಭಾಗಾಕಾರ ಮುಗಿದುಹೋಯಿತು. ಎರಡು ಅಳತೆಗಳನ್ನೂ ಒಂದೇ ಸಣ್ಣ ಮಾನಕ್ಕೆ ಇಳಿಸಿಕೊಂಡದ್ದೇ ಆಕೆಯ ಯುಕ್ತಿ. ಶಾಲೆಯಲ್ಲಿ ಇದಕ್ಕೆ ‘ಛೇದಗಳನ್ನು ಸಮ ಮಾಡುವುದು’ ಎಂದು ಹೆಸರು. ಛೇದಗಳು ಸಮನಾದ ಮೇಲೆ ಅವುಗಳ ಕೆಲಸ ತೀರಿತು. ಅಂಶವನ್ನು ಅಂಶದಿಂದ ಭಾಗಿಸಿದರೆ ಸಾಕು.

ಈ ಚಿಕ್ಕ ಲೆಕ್ಕದಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಭಾಗಲಬ್ಧವಾಗಿ ಬಂದ 3⅓ ಎಂಬುದು ಸೇರಲ್ಲ, ದಿನ. ಸೇರನ್ನು ಸೇರಿನಿಂದ ಭಾಗಿಸಿದಾಗ ಸೇರು ಉಳಿಯುವುದಿಲ್ಲ. ‘ಎಷ್ಟು ಸಲ’ ಎಂಬುದು ಉಳಿಯುತ್ತದೆ. ಎರಡನೆಯದು, ಕೊನೆಯ ಮೂರರಲ್ಲೊಂದು ಎಂಬುದು ಒಂದು ದಿನದ ಅಕ್ಕಿಯ ಮೂರರಲ್ಲೊಂದು. ಒಂದು ಸೇರಿನ ಮೂರರಲ್ಲೊಂದಲ್ಲ. ದಿನದ ಅಕ್ಕಿ ಮೂರು ಪಾವಾದುದರಿಂದ ಉಳಿದದ್ದು ಒಂದು ಪಾವು, ಅಂದರೆ ಕಾಲು ಸೇರು. ‘ಸೇರಿನ ಮೂರನೆಯ ಒಂದು ಭಾಗ ಉಳಿಯಿತು’ ಎಂದು ಬರೆದವನ ಗುಣಾಕಾರ ಸರಿಯಿದ್ದರೂ ಲೆಕ್ಕ ತಪ್ಪು. ಈ ಎರಡನೆಯ ಅಂಶವನ್ನು ವಾಚಕರು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ನಮ್ಮನ್ನು ಕೋರ್ಟು ಕಚೇರಿಗಳ ಅಲೆದಾಟದಿಂದ ಕಾಪಾಡಬೇಕಾಗಿದೆ.

ತಲೆಕೆಳಗು ಮಾಡುವುದರ ಗುಟ್ಟು ಕೂಡ ಇದೇ ಪಾವಿನಲ್ಲಿದೆ. ಒಂದೇ ಒಂದು ಸೇರು ಅಕ್ಕಿಯಿದ್ದರೆ ಅದು ಎಷ್ಟು ದಿನಕ್ಕೆ ಬರುತ್ತಿತ್ತು? ನಾಲ್ಕು ಪಾವಿನಲ್ಲಿ ಮೂರು ಪಾವು ಒಂದು ದಿನಕ್ಕೆ ಹೋಗಿ, ಉಳಿದ ಒಂದು ಪಾವು ಮತ್ತೊಂದು ದಿನದ ಮೂರನೆಯ ಒಂದು ಭಾಗಕ್ಕೆ ಬರುತ್ತಿತ್ತು. ಒಟ್ಟು 4/3 ದಿನ. ಒಂದು ಸೇರಿಗೆ 4/3 ದಿನವಾದರೆ ಎರಡೂವರೆ ಸೇರಿಗೆ ಅದರ ಎರಡೂವರೆಯಷ್ಟು. ತಿರುವಿ ಬರೆದ ಭಿನ್ನರಾಶಿಯ ಅರ್ಥ ಇಷ್ಟೇ: ‘ಒಂದರಲ್ಲಿ ಈ ಅಳತೆ ಎಷ್ಟು ಸಲ ಹಿಡಿಯುತ್ತದೆ?’ ಇದರಲ್ಲಿ ಇಂದ್ರಜಾಲವೇನೂ ಇಲ್ಲ.

ಮಾನ್ಯಖೇಟದ ಗಣಿತಜ್ಞ

ಈ ವಿಧಾನವನ್ನು ನಾವು ಇಂಗ್ಲಿಷ್ ಪಠ್ಯಪುಸ್ತಕಗಳಿಂದ ಕಲಿತೆವೆಂದು ಭಾವಿಸುವವರುಂಟು. ನಮ್ಮ ನಾಡಿನ ನೆಲದಲ್ಲಿಯೇ ಇದು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳಷ್ಟು ಹಳೆಯದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ನೃಪತುಂಗನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಈ ಗ್ರಂಥದಲ್ಲಿ ಭಿನ್ನರಾಶಿಗಳಿಗೆಂದೇ ‘ಕಲಾಸವರ್ಣ’ವೆಂಬ ಪ್ರಕರಣವೊಂದಿದೆ. ಭಾಜಕದ ಛೇದವನ್ನು ಅಂಶವಾಗಿಯೂ ಅಂಶವನ್ನು ಛೇದವಾಗಿಯೂ ಮಾಡಿಕೊಂಡು ಬಳಿಕ ಗುಣಾಕಾರದಂತೆ ನಡೆಯಬೇಕೆಂಬ ವಿಧಿ ಅಲ್ಲಿ ಸ್ಪಷ್ಟವಾಗಿದೆ. ಅವರಿಗಿಂತ ಎರಡು ಶತಮಾನ ಹಿಂದೆ, 628ರಲ್ಲಿ, ಬ್ರಹ್ಮಗುಪ್ತನೂ ಇದನ್ನು ಹೇಳಿದ್ದನು. ಆದರೆ ಛೇದಗಳನ್ನು ಸಮ ಮಾಡುವುದಕ್ಕೆ ಬೇಕಾದ ಲಘುತಮ ಸಾಮಾನ್ಯ ಅಪವರ್ತ್ಯಕ್ಕೆ ‘ನಿರುದ್ಧ’ವೆಂದು ಹೆಸರಿಟ್ಟು ಅದನ್ನು ಕಂಡುಹಿಡಿಯುವ ಕ್ರಮವನ್ನು ಹೇಳಿದ ಕೀರ್ತಿ ಮಹಾವೀರಾಚಾರ್ಯರದು. ನಮ್ಮ ಮನೆಯೊಡತಿಯ ಪಾವು ಆಚಾರ್ಯರ ನಿರುದ್ಧದ ಸೋದರಸಂಬಂಧಿಯೆನ್ನಬಹುದು.

ಗಣಿತವು ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆಂಬುದನ್ನು ಮಹಾವೀರಾಚಾರ್ಯರು ಗ್ರಂಥದ ಆರಂಭದಲ್ಲಿ ಪಟ್ಟಿಮಾಡುತ್ತಾರೆ. ಸಂಗೀತ, ನಾಟಕ, ವೈದ್ಯ, ವಾಸ್ತುವಿದ್ಯೆಗಳ ಜೊತೆಯಲ್ಲಿ ಅಡುಗೆಯ ಶಾಸ್ತ್ರಕ್ಕೂ ಅಲ್ಲಿ ಸ್ಥಾನವಿದೆ. ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಹೊರತಂದ ಮೇಲೆ ಹೊರಜಗತ್ತಿಗೂ ಈ ಗ್ರಂಥದ ಪರಿಚಯವಾಯಿತು. ಇನ್ನು 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಗ್ರಂಥದ ಹೆಸರೇ ಅದರ ಉದ್ದೇಶವನ್ನು ಸಾರುತ್ತದೆ. ಸಂತೆ ಪೇಟೆಗಳಲ್ಲಿ ನಡೆಯುವ ವ್ಯವಹಾರಕ್ಕಾಗಿ ಗಣಿತ.

ನಮ್ಮ ಭಾಷೆಯೂ ಈ ವಿಷಯದಲ್ಲಿ ಬಡವಾಗಿಲ್ಲ. ‘ಮುಕ್ಕಾಲು’ ಎಂಬ ಒಂದೇ ಮಾತಿನಲ್ಲಿ ‘ಮೂರು’ ಇದೆ, ‘ಕಾಲು’ ಇದೆ. ಅಂಶವೂ ಛೇದವೂ ಹೆಸರಿನಲ್ಲಿಯೇ ಅಡಗಿವೆ. ಎರಡೂಕಾಲು, ಎರಡೂವರೆ, ಎರಡೂಮುಕ್ಕಾಲು ಎಂಬ ಮಿಶ್ರ ಭಿನ್ನರಾಶಿಗಳು ಒಂದೊಂದೂ ಒಂದೇ ಪದ. ಕಾಲಿನ ಕಾಲಿಗೆ ‘ವೀಸ’ ಎಂಬ ಹೆಸರಿದೆ, ಅಂದರೆ ಹದಿನಾರರಲ್ಲೊಂದು. ಹಿಂದೆ ಮಕ್ಕಳು ಒಂದರ ಮಗ್ಗಿ, ಎರಡರ ಮಗ್ಗಿಗಳ ಜೊತೆಯಲ್ಲಿ ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿಗಳನ್ನೂ ಬಾಯಿಪಾಠ ಮಾಡುತ್ತಿದ್ದರು. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ಪೈಸೆಯ ರೂಪಾಯಿಯಾಯಿತು. ಮರುವರ್ಷದ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಜಾರಿಗೆ ಬರತೊಡಗಿದವು. ಲೆಕ್ಕ ಸುಲಭವಾಯಿತೆಂಬುದು ನಿಜ. ಜೊತೆಗೆ ಕಾಲು ಅರೆಗಳನ್ನು ಬಾಯಲ್ಲಾಡಿಸುವ ರೂಢಿ ಸಡಿಲವಾಯಿತೆಂಬುದೂ ನಿಜ.

ಮೂರೆಕರೆ ಹದಿನೈದು ಗುಂಟೆ

ಆದರೆ ಒಂದು ಕಡೆ ಮೆಟ್ರಿಕ್ ಪದ್ಧತಿ ಇನ್ನೂ ಒಳಗೆ ಕಾಲಿಟ್ಟಿಲ್ಲ. ನೆಲದ ಲೆಕ್ಕ ಇಂದಿಗೂ ಎಕರೆ, ಗುಂಟೆಗಳಲ್ಲಿಯೇ ನಡೆಯುತ್ತದೆ. ನಲವತ್ತು ಗುಂಟೆ ಒಂದು ಎಕರೆ. ಒಂದು ಗುಂಟೆಯೆಂದರೆ ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲದ ಚೌಕ. 1,089 ಚದರ ಅಡಿ.

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ಈ ಲೆಕ್ಕಕ್ಕೆ ಬಂದಿರುವ ಬೆಲೆಯನ್ನು ವರ್ಣಿಸಬೇಕಾಗಿಲ್ಲ. ಯಲಹಂಕವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ರಾಗಿ ಬೆಳೆಯುತ್ತಿದ್ದ ಹೊಲಗಳು ಬಡಾವಣೆಗಳಾದವು. ಹಿಂದೆ ಬದುವಿನ ಮೇಲೆ ನಿಂತು ಕೈದೋರಿ ಹಂಚಿಕೊಳ್ಳುತ್ತಿದ್ದ ನೆಲವನ್ನು ಈಗ ಅಡಿ ಅಂಗುಲಗಳಲ್ಲಿ ಅಳೆಯುತ್ತಾರೆ.

ಒಂದು ಕುಟುಂಬದ ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಜಮೀನು 3 ಎಕರೆ 15 ಗುಂಟೆ. ನಾಲ್ವರು ಮಕ್ಕಳು ತಲಾ ಮುಕ್ಕಾಲು ಎಕರೆಯನ್ನು ತೆಗೆದುಕೊಂಡು, ಉಳಿದದ್ದನ್ನು ತಾಯಿಯ ಹೆಸರಿಗೆ ಬಿಡುವುದೆಂದು ತಮ್ಮತಮ್ಮಲ್ಲಿ ಒಪ್ಪಿಕೊಂಡಿದ್ದಾರೆ. ಹದಿನೈದು ಗುಂಟೆಯೆಂದರೆ ಎಕರೆಯ 15/40, ಅಂದರೆ ⅜. ಆದುದರಿಂದ ಜಮೀನು 3⅜ ಎಕರೆ. 3⅜ ÷ ¾ ಎಂಬುದು 27/8 × 4/3 ಆಗಿ, 4½ ಎಂದು ಉತ್ತರ ಬರುತ್ತದೆ. ‘ನಾಲ್ಕು ಪಾಲು ಮಕ್ಕಳಿಗೆ, ಉಳಿದ ಅರ್ಧ ಅಮ್ಮನಿಗೆ’ ಎಂದು ಒಬ್ಬರು ಹೇಳುತ್ತಾರೆ. ಎಲ್ಲರೂ ತಲೆದೂಗುತ್ತಾರೆ. ಬರೆಯುವವನು ‘ಅರ್ಧ ಎಕರೆ’ ಎಂದು ಬರೆದುಬಿಟ್ಟರೆ ಜಗಳಕ್ಕೆ ಬೀಜ ಬಿದ್ದಂತಾಯಿತು.

ಏಕೆಂದರೆ ಆ ಅರ್ಧವು ಎಕರೆಯ ಅರ್ಧವಲ್ಲ, ಪಾಲಿನ ಅರ್ಧ. ಒಂದು ಪಾಲು ಮೂವತ್ತು ಗುಂಟೆ. ಅದರ ಅರ್ಧ ಹದಿನೈದು ಗುಂಟೆ. ಅರ್ಧ ಎಕರೆಯೆಂದು ಬರೆದರೆ ಇಪ್ಪತ್ತು ಗುಂಟೆಯಾಗುತ್ತದೆ. ಕಾಗದದ ಮೇಲೆ ಹುಟ್ಟಿದ ಐದು ಗುಂಟೆ ನೆಲದ ಮೇಲೆ ಎಲ್ಲಿಯೂ ಇಲ್ಲ. ಅದನ್ನು ಯಾರದಾದರೂ ಪಾಲಿನಿಂದ ಕೀಳಬೇಕು. ಐದು ಗುಂಟೆಯೆಂದರೆ 5,445 ಚದರ ಅಡಿ. ಮೂವತ್ತಡಿ ನಲವತ್ತಡಿಯ ನಿವೇಶನಕ್ಕೆ 1,200 ಚದರ ಅಡಿ ಬೇಕೆಂದು ಎಣಿಸಿದರೆ ಅದು ನಾಲ್ಕೂವರೆ ನಿವೇಶನಗಳಷ್ಟು ನೆಲ. ಒಂದು ‘ಅರ್ಧ’ದ ಮುಂದೆ ಯಾವ ಪದವನ್ನು ಬರೆಯಬೇಕೆಂಬುದರ ಬೆಲೆ ಇಷ್ಟು.

ಗುಂಟೆಗೆ ಇಳಿಸಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ಮೂರೆಕರೆ ಹದಿನೈದು ಗುಂಟೆಯೆಂದರೆ 135 ಗುಂಟೆ. ಮೂವತ್ತರಂತೆ ನಾಲ್ಕು ಪಾಲಿಗೆ 120 ಹೋದರೆ ಹದಿನೈದು ಉಳಿಯಿತು. ಪಾವಿನ ಯುಕ್ತಿಯೇ ಇಲ್ಲಿಯೂ ಕೆಲಸ ಮಾಡಿತು.

ಇದಕ್ಕಿಂತಲೂ ಸೂಕ್ಷ್ಮವಾದ ಅಪಾಯ ಮತ್ತೊಂದಿದೆ. ಪಹಣಿಯಲ್ಲಿ ವಿಸ್ತೀರ್ಣವನ್ನು ತೋರಿಸುವಾಗ ಎಕರೆಯ ಅಂಕಿ, ಒಂದು ಚುಕ್ಕಿ, ಗುಂಟೆಯ ಅಂಕಿ ಎಂಬ ಕ್ರಮದಲ್ಲಿ 3.15 ಎಂದು ನಮೂದಿಸಿರುತ್ತಾರೆ. ಆ ಚುಕ್ಕಿ ದಶಮಾಂಶದ ಬಿಂದುವಲ್ಲ. ಅದನ್ನು ಅರಿಯದ ತರುಣನೊಬ್ಬನು ಫೋನಿನ ಗಣಕದಲ್ಲಿ 3.15ನ್ನು 0.75ರಿಂದ ಭಾಗಿಸಿದರೆ 4.2 ಎಂದು ಬರುತ್ತದೆ. ಗಣಕ ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿತು. ಆದರೆ 3.15 ಎಕರೆಯೆಂದರೆ 126 ಗುಂಟೆ ಮಾತ್ರ. ನಾಲ್ಕು ಪಾಲು ಹೋಗಿ ತಾಯಿಗೆ ಉಳಿಯುವುದು ಹದಿನೈದಲ್ಲ, ಆರು ಗುಂಟೆ. ಒಂದು ಚುಕ್ಕಿಯನ್ನು ತಪ್ಪಾಗಿ ಓದಿದ್ದರಿಂದ ಒಂಬತ್ತು ಗುಂಟೆ ಕಣ್ಮರೆಯಾಯಿತು! ಪಾಲುಪಟ್ಟಿಗೆ ರುಜು ಹಾಕುವ ಮುನ್ನ ಮನೆಯ ಹಿರಿಯರು ಎಲ್ಲವನ್ನೂ ಒಮ್ಮೆ ಗುಂಟೆಗೆ ಇಳಿಸಿ ನೋಡುವುದು ಲೇಸು.

ಎರಡನೆಯ ಬಗೆಯ ಪ್ರಶ್ನೆ

ಇದುವರೆಗೆ ನೋಡಿದ್ದೆಲ್ಲ ‘ಎಷ್ಟು ಸಲ ಹಿಡಿಯುತ್ತದೆ’ ಎಂಬ ಬಗೆಯ ಪ್ರಶ್ನೆ. ಭಿನ್ನರಾಶಿಯಿಂದ ಭಾಗಿಸುವ ಸಂದರ್ಭ ಇನ್ನೊಂದುಂಟು. ‘ಇಷ್ಟು ಭಾಗಕ್ಕೆ ಇಷ್ಟಾದರೆ ಪೂರ್ತಿ ಒಂದಕ್ಕೆ ಎಷ್ಟು?’ ಅರ್ಧ ಲೀಟರಿಗೆ 22 ರೂಪಾಯಿಯಾದರೆ ಲೀಟರಿಗೆ 44 ಎಂದು ಹೇಳುವವರು ತಾವು 22ನ್ನು ½ರಿಂದ ಭಾಗಿಸಿದೆವೆಂದು ಅರಿತಿರುವುದಿಲ್ಲ.

ಈ ಅಂಕಿಗಳು ಕಲ್ಪಿತವಲ್ಲ. ಕರ್ನಾಟಕ ಹಾಲು ಮಹಾಮಂಡಳವು 2024ರ ಜೂನ್ ಕೊನೆಯಲ್ಲಿ ನಂದಿನಿ ಹಾಲಿನ ಪೊಟ್ಟಣಗಳಿಗೆ 50 ಮಿಲಿಲೀಟರು ಹಾಲನ್ನು ಹೆಚ್ಚಿಸಿ, ಪೊಟ್ಟಣಕ್ಕೆ ಎರಡು ರೂಪಾಯಿ ಹೆಚ್ಚಿಗೆ ಪಡೆಯತೊಡಗಿತು. ನೀಲಿ ಪೊಟ್ಟಣದ ಟೋನ್ಡ್ ಹಾಲು ಅರ್ಧ ಲೀಟರಿಗೆ 22 ರೂಪಾಯಿ ಇದ್ದದ್ದು 550 ಮಿಲಿಲೀಟರಿಗೆ 24 ರೂಪಾಯಿಯಾಯಿತು. ಲೀಟರಿಗೆ 42 ಇದ್ದದ್ದು 1,050 ಮಿಲಿಲೀಟರಿಗೆ 44 ಆಯಿತು. ಇದು ದರವೇರಿಕೆಯಲ್ಲ, ಹೆಚ್ಚು ಹಾಲಿಗೆ ಹೆಚ್ಚು ಹಣ ಎಂದು ಸರ್ಕಾರ ಹೇಳಿತು. ಅಲ್ಲ, ಹೊರೆಯೇ ಎಂದು ಜನ ಹೇಳಿದರು. ಯಾರ ಮಾತು ಸರಿ? ಭಾಗಿಸಿ ನೋಡೋಣ.

550 ಮಿಲಿಲೀಟರೆಂದರೆ ಲೀಟರಿನ 11/20 ಭಾಗ. 24 ÷ 11/20 = 24 × 20/11 = 43 7/11; ಅಂದರೆ ಲೀಟರಿಗೆ ಸುಮಾರು 43 ರೂಪಾಯಿ 64 ಪೈಸೆ. ಹಿಂದೆ 44 ಇತ್ತು. ದೊಡ್ಡ ಪೊಟ್ಟಣದಲ್ಲಿ 1 1/20 ಲೀಟರು; 44 ÷ 21/20 = 41 19/21, ಸುಮಾರು 41 ರೂಪಾಯಿ 90 ಪೈಸೆ. ಹಿಂದೆ 42 ಇತ್ತು. ಲೀಟರಿನ ದರ ಏರಲಿಲ್ಲವೆಂಬ ಮಾತು ಸರಿ. ಆದರೆ ಪೇಟೆಯಲ್ಲಿ ಹಾಲನ್ನು ಲೀಟರಿನಲ್ಲಿ ಕೊಳ್ಳುವುದಿಲ್ಲ, ಪೊಟ್ಟಣದಲ್ಲಿ ಕೊಳ್ಳುತ್ತೇವೆ. ದಿನಕ್ಕೊಂದು ಸಣ್ಣ ಪೊಟ್ಟಣ ಸಾಕಾಗಿದ್ದ ಮನೆಯಲ್ಲಿ ಮೂವತ್ತು ದಿನಕ್ಕೆ 60 ರೂಪಾಯಿ ಹೆಚ್ಚು ಖರ್ಚು ಬಿತ್ತು; ಒಂದೂವರೆ ಲೀಟರು ಹಾಲು ಹೆಚ್ಚು ಬಂತು. 60 ÷ 1½ = 40. ಹೆಚ್ಚಿನ ಹಾಲು ಲೀಟರಿಗೆ ನಲವತ್ತರಂತೆ ದೊರಕಿತು, ನಿಜ. ಬೇಡವೆನ್ನುವ ಅವಕಾಶ ಮಾತ್ರ ಇರಲಿಲ್ಲ. ಜನ ಹೇಳಿದ್ದೂ ಸರಿಯೇ. ಒಬ್ಬರು ಲೀಟರಿನಿಂದ ಭಾಗಿಸಿದರು, ಇನ್ನೊಬ್ಬರು ದಿನದಿಂದ ಭಾಗಿಸಿದರು. 2025ರ ಏಪ್ರಿಲ್ 1ರಿಂದ ಪೊಟ್ಟಣಗಳು ಮೊದಲಿನ ಅಳತೆಗೆ ಹಿಂತಿರುಗಿದವು; ಲೀಟರಿಗೆ ನಾಲ್ಕು ರೂಪಾಯಿ ದರವೂ ಏರಿತು. ಆ ಸಲ ಏರಿಕೆಯೋ ಅಲ್ಲವೋ ಎಂದು ಲೆಕ್ಕ ಹಾಕುವ ಶ್ರಮ ಯಾರಿಗೂ ಬೀಳಲಿಲ್ಲ.

ಹೊಲದವರಿಗೂ ಇದೇ ಬಗೆಯ ಲೆಕ್ಕ ಬೇಕಾಗುತ್ತದೆ. ಹೆಬ್ಬಾಳದಲ್ಲಿ 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸುಗಳು ಹೆಕ್ಟೇರಿನ ಲೆಕ್ಕದಲ್ಲಿರುತ್ತವೆ. ರೈತನ ನೆಲ ಎಕರೆಯಲ್ಲಿರುತ್ತದೆ. ಒಂದು ಹೆಕ್ಟೇರು ಸುಮಾರು ಎರಡೂವರೆ ಎಕರೆ. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕವೆಂದರೆ ಎಕರೆಗೆ 50 ÷ 2½, ಅಂದರೆ 20 ಕಿಲೋ. ಆದರೆ ಅಂಗಡಿಯಲ್ಲಿ ಸಾರಜನಕವನ್ನು ಮಾರುವುದಿಲ್ಲ, ಯೂರಿಯಾವನ್ನು ಮಾರುತ್ತಾರೆ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಭಾಗ. ಸಾರಜನಕವನ್ನೆಲ್ಲ ಯೂರಿಯಾದಿಂದಲೇ ಕೊಡುವುದಾದರೆ ಎಷ್ಟು ಯೂರಿಯಾ ಬೇಕು? ಇಲ್ಲಿ ಗುಣಿಸಿದವನಿಗೆ ಒಂಬತ್ತು ಕಿಲೋ ಚಿಲ್ಲರೆ ಬರುತ್ತದೆ. ಅವನ ಬೆಳೆ ಹಸಿದೀತು. ಸರಿಯಾದ ಕ್ರಮ 20 ÷ 46/100. ಸುಮಾರು ನಲವತ್ತಮೂರೂವರೆ ಕಿಲೋ. ಈಗಿನ 45 ಕಿಲೋ ಚೀಲದಲ್ಲಿ ಹೆಚ್ಚುಕಡಮೆ ಒಂದು ಪೂರ್ತಿ ಚೀಲ.

ಗುಣಿಸಬೇಕೋ ಭಾಗಿಸಬೇಕೋ ಎಂಬ ಸಂದೇಹಕ್ಕೆ ಪರಿಹಾರ ಇದರಲ್ಲಿಯೇ ಇದೆ. ಪೂರ್ತಿ ತಿಳಿದಿದ್ದು ಭಾಗ ಬೇಕಾದರೆ ಗುಣಿಸಬೇಕು. ಭಾಗ ತಿಳಿದಿದ್ದು ಪೂರ್ತಿ ಬೇಕಾದರೆ ಭಾಗಿಸಬೇಕು. ಒಂದಕ್ಕಿಂತ ಕಡಮೆಯಾದ ಭಿನ್ನರಾಶಿಯಿಂದ ಭಾಗಿಸಿದಾಗ ಉತ್ತರ ಭಾಜ್ಯಕ್ಕಿಂತ ಹೆಚ್ಚಾಗಲೇಬೇಕು. ಇಪ್ಪತ್ತು ಕಿಲೋ ಸಾರವನ್ನು ಒಳಗೊಂಡ ವಸ್ತು ಇಪ್ಪತ್ತು ಕಿಲೋಗಿಂತ ಕಡಮೆ ತೂಗುವುದು ಸಾಧ್ಯವೇ?

ಉಳಿದದ್ದನ್ನು ಏನು ಮಾಡಬೇಕು?

ಉತ್ತರದ ಕೊನೆಯಲ್ಲಿ ನಿಲ್ಲುವ ಭಿನ್ನಭಾಗವನ್ನು ಹೇಗೆ ನಡೆಸಿಕೊಳ್ಳಬೇಕೆಂಬುದನ್ನು ಸೂತ್ರ ಹೇಳುವುದಿಲ್ಲ, ಸಂದರ್ಭ ಹೇಳುತ್ತದೆ. ಆರ್.ಟಿ. ನಗರದ ದರ್ಜಿಯೊಬ್ಬರ ಬಳಿ ಹತ್ತು ಮೀಟರು ರವಿಕೆ ಬಟ್ಟೆಯಿದೆ; ರವಿಕೆಯೊಂದಕ್ಕೆ 80 ಸೆಂಟಿಮೀಟರು, ಅಂದರೆ ⅘ ಮೀಟರು ಬೇಕು. 10 ÷ ⅘ = 12½. ಹನ್ನೆರಡೂವರೆ ರವಿಕೆಯನ್ನು ಯಾರೂ ತೊಡಲಾರರು. ಹನ್ನೆರಡು ರವಿಕೆಯಾಗಿ 40 ಸೆಂಟಿಮೀಟರು ಬಟ್ಟೆ ಉಳಿಯಿತೆನ್ನಬೇಕು. ಇಲ್ಲಿಯೂ ಆ ಅರ್ಧವು ರವಿಕೆಯ ಅರ್ಧವೇ ಹೊರತು ಮೀಟರಿನ ಅರ್ಧವಲ್ಲ.

2024ರ ಬೇಸಿಗೆಯಲ್ಲಿ ಬೆಂಗಳೂರಿನವರು ನೀರಿಗಾಗಿ ಟ್ಯಾಂಕರುಗಳ ದಾರಿ ಕಾದದ್ದು ಎಲ್ಲರಿಗೂ ನೆನಪಿದೆ. ಹತ್ತೂವರೆ ಸಾವಿರ ಲೀಟರು ಹಿಡಿಸುವ ಸಂಪನ್ನು ಆರು ಸಾವಿರ ಲೀಟರಿನ ಟ್ಯಾಂಕರಿನಿಂದ ತುಂಬಿಸಬೇಕು. 10½ ÷ 6 = 1¾. ರವಿಕೆಯಂತೆ ಇಲ್ಲಿಯೂ ಕೆಳಕ್ಕೆ ಇಳಿಸಿ ‘ಒಂದು’ ಎಂದರೆ ಸಂಪು ತುಂಬದು. ಎರಡು ಟ್ಯಾಂಕರು ತರಿಸಬೇಕು. ಎರಡನೆಯದರಲ್ಲಿ ಕಾಲು ಭಾಗ, ಅಂದರೆ ಒಂದೂವರೆ ಸಾವಿರ ಲೀಟರು, ಉಳಿಯುತ್ತದೆ. ನೆರೆಮನೆಯವರನ್ನು ಮೊದಲೇ ಕೇಳಿಟ್ಟುಕೊಂಡರೆ ನೀರಿಗೂ ಹಣಕ್ಕೂ ಸಾರ್ಥಕ. ನೆಲದ ಲೆಕ್ಕದಲ್ಲಾದರೋ ಮೇಲಕ್ಕೂ ಹೋಗುವಂತಿಲ್ಲ, ಕೆಳಕ್ಕೂ ಇಳಿಯುವಂತಿಲ್ಲ. ಇದ್ದದ್ದನ್ನು ಇದ್ದಷ್ಟೇ ಬರೆಯಬೇಕು.

ಆದುದರಿಂದ ಇಂಥ ಲೆಕ್ಕ ಎದುರಾದಾಗ ಮೂರು ಮಾತುಗಳನ್ನು ನೆನೆದರೆ ಸಾಕು. ಮೊದಲು, ಎರಡು ಅಳತೆಗಳನ್ನೂ ಒಂದೇ ಸಣ್ಣ ಮಾನಕ್ಕೆ ಇಳಿಸಿ: ಸೇರಾದರೆ ಪಾವಿಗೆ, ಎಕರೆಯಾದರೆ ಗುಂಟೆಗೆ, ಲೀಟರಾದರೆ ಮಿಲಿಲೀಟರಿಗೆ. ಎರಡನೆಯದಾಗಿ, ಉತ್ತರದ ಪಕ್ಕದಲ್ಲಿ ಅದು ಏನೆಂಬ ಹೆಸರನ್ನು ಬರೆಯಿರಿ. ದಿನವೋ, ಪಾಲೋ, ರವಿಕೆಯೋ, ರೂಪಾಯಿಯೋ. ಮೂರನೆಯದಾಗಿ, ಉತ್ತರವನ್ನು ಭಾಜಕದಿಂದ ಗುಣಿಸಿ ನೋಡಿ. ಮೊದಲಿನ ಮೊತ್ತ ಬಂದರೆ ನೆಮ್ಮದಿಯಿಂದ ಮಲಗಬಹುದು.

ಈ ವಾರದ ಅಭ್ಯಾಸ

1. ಯಶವಂತಪುರದ ಮಾರುಕಟ್ಟೆಯಿಂದ ತಂದ 37½ ಕಿಲೋ ಈರುಳ್ಳಿಯನ್ನು 1¼ ಕಿಲೋ ಚೀಲಗಳಲ್ಲಿ ತುಂಬಿದರೆ ಎಷ್ಟು ಚೀಲ?

2. ಒಬ್ಬರು 2¼ ಕಿಲೋಮೀಟರನ್ನು ⅜ ಗಂಟೆಯಲ್ಲಿ ನಡೆಯುತ್ತಾರೆ. ಅವರ ನಡಿಗೆ ಗಂಟೆಗೆ ಎಷ್ಟು ಕಿಲೋಮೀಟರು?

3. ಎಣ್ಣೆಯ ಡಬ್ಬವೊಂದು ಮೂರರಲ್ಲಿ ಎರಡು ಭಾಗ ತುಂಬಿರುವಾಗ ಅದರಲ್ಲಿ 10 ಲೀಟರು ಎಣ್ಣೆಯಿದೆ. ಡಬ್ಬ ಪೂರ್ತಿ ತುಂಬಿದರೆ ಎಷ್ಟು?

4. ಮನೆಯಲ್ಲಿ 5¼ ಕಿಲೋ ರಾಗಿಹಿಟ್ಟು ಇದೆ. ದಿನಕ್ಕೆ ⅝ ಕಿಲೋ ಖರ್ಚಾಗುತ್ತದೆ. ಪೂರ್ತಿ ಎಷ್ಟು ದಿನಕ್ಕೆ ಬರುತ್ತದೆ? ಕೊನೆಗೆ ಎಷ್ಟು ಹಿಟ್ಟು ಉಳಿಯುತ್ತದೆ?

ಉತ್ತರಗಳು: (1) 30 ಚೀಲ. (2) 6 ಕಿಲೋಮೀಟರು. (3) 15 ಲೀಟರು. (4) ಭಾಗಲಬ್ಧ 8⅖. ಎಂಟು ದಿನಕ್ಕೆ ಪೂರ್ತಿಯಾಗಿ ಬರುತ್ತದೆ. ಉಳಿಯುವುದು ಒಂದು ದಿನದ ಹಿಟ್ಟಿನ ⅖ ಭಾಗ, ಅಂದರೆ ಕಾಲು ಕಿಲೋ.

ನಾಲ್ಕನೆಯ ಲೆಕ್ಕದಲ್ಲಿ ‘⅖ ಕಿಲೋ ಉಳಿಯಿತು’ ಎಂದು ಬರೆದವರು ಮತ್ತೊಮ್ಮೆ ಪಾವಿನ ಬಳಿಗೆ ಹೋಗಿಬರಬೇಕು. ಹಿಟ್ಟಿನಲ್ಲಿ ಆದ ತಪ್ಪನ್ನು ಒಂಬತ್ತನೆಯ ದಿನದ ಮುದ್ದೆಯೇ ತೋರಿಸಿಕೊಡುತ್ತದೆ; ನೆಲದಲ್ಲಿ ಆದ ತಪ್ಪು ಮುಂದಿನ ತಲೆಮಾರಿನವರೆಗೂ ಬಾಯಿ ಬಿಡದೆ ಕುಳಿತಿರುತ್ತದೆ.